ಮಳೆ ಸೀನ್ ಹಿಡ್ಕೊಂಡು ಡೈರೆಕ್ಟರ್ ಶೈಲಿ ಬಗ್ಗೆ ವಾದ ಮಾಡೋದು ಹೇಗೆ

ಜೂನಲ್ಲಿ ಮಳೆ ಹಿಡೀತು ಅಂದ್ರೆ ಮಡಿಕೇರಿಲಿ ಭಾನುವಾರ ಹೊರಗೆ ಹೋಗೋ ಮಾತೇ ಇಲ್ಲ, ತೋಟದ ಕೆಲಸಾನೂ ನಿಂತಿರುತ್ತೆ, ಹಾಗಾಗಿ ನಾವು ಐದಾರು ಜನ ಯಾರದಾದ್ರೂ ಒಬ್ರ ಮನೇಲಿ ಸೇರಿ ಸಿನಿಮಾ ನೋಡ್ತೀವಿ, ನೋಡಿದ್ಮೇಲೆ ಜಗಳ. ಮೊದಮೊದ್ಲು ಆ ಜಗಳದಲ್ಲಿ ಹುರುಳೇ ಇರ್ತಿರ್ಲಿಲ್ಲ. ಒಬ್ಬ ರಷ್ಯಾದ ಡೈರೆಕ್ಟರ್ ತಾರ್ಕೋವ್‌ಸ್ಕಿ ಪಾರ್ಟಿ, ಇನ್ನೊಬ್ಬ ಬಂಗಾಳದ ಸತ್ಯಜಿತ್ ರೇ ಪಾರ್ಟಿ, ಕಾಸರವಳ್ಳಿ ಬಗ್ಗೆ ಯಾರಾದ್ರೂ ಹಗುರವಾಗಿ ಮಾತಾಡಿದ್ರೆ ನಾನು ಎದ್ದು ನಿಲ್ತಿದ್ದೆ. ಅವ್ರ ಸ್ಟೈಲು ಇವ್ರ ಸ್ಟೈಲು ಅಂತ ಅಷ್ಟು ಕೂಗಾಡಿದ್ರೂ ಆ ಶಾಟಲ್ಲಿ ಕ್ಯಾಮೆರಾ ಎಲ್ಲಿತ್ತು ಅಂತ ಕೇಳಿದ್ರೆ ಒಬ್ರೂ ಬಾಯಿ ಬಿಡ್ತಿರ್ಲಿಲ್ಲ.

ದಾರಿ ಸಿಕ್ಕಿದ್ದು ಮಳೆಯಿಂದ. ಎಲ್ಲಾ ಡೈರೆಕ್ಟರ್‌ಗಳಲ್ಲೂ ಸಿಗೋ ಒಂದೇ ಒಂದು ವಸ್ತು ಆರಿಸ್ಕೊಳ್ಳಿ, ಅದನ್ನ ಒಬ್ಬೊಬ್ರು ಹೇಗೆ ತೋರಿಸಿದ್ದಾರೆ ಅಂತ ಪಕ್ಕಪಕ್ಕ ಇಟ್ಟು ನೋಡಿ, ಅಷ್ಟೇ. ಕಥೆಗಳನ್ನ ಹೋಲಿಸೋಕೆ ಹೋದ್ರೆ ಮಾತು ಕಥೆ ಕಡೆಗೇ ಜಾರುತ್ತೆ, ಆದ್ರೆ ಮಳೆಗೆ ಮಳೆ ಇಟ್ರೆ ಕಣ್ಣಿಗೆ ಕಾಣೋದು ಡೈರೆಕ್ಟರ್ ಏನ್ ಮಾಡಿದ್ರು ಅನ್ನೋದೇ. ಕೊಡಗಿನವ್ರಿಗೆ ಮಳೆ ಬಗ್ಗೆ ಯಾರೂ ಹೇಳಿಕೊಡ್ಬೇಕಾಗಿಲ್ಲ, ಸೋನೆ ಯಾವುದು, ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಜಡಿಮಳೆ ಯಾವುದು ಅಂತ ಸದ್ದಲ್ಲೇ ಗೊತ್ತಾಗುತ್ತೆ.

ಒಂದು ಷರತ್ತು: ಸೀನ್ ಮಾತ್ರ ಕತ್ತರಿಸಿ ನೋಡೋ ಮುಂಚೆ ಎಲ್ರೂ ಪೂರ್ತಿ ಸಿನಿಮಾ ಒಂದ್ಸಲ ನೋಡಿರ್ಬೇಕು. ಇಲ್ಲಾಂದ್ರೆ ಆ ಡೈರೆಕ್ಟರ್‌ಗೆ ಅನ್ಯಾಯ ಮಾಡಿದ ಹಾಗೆ.

ರೇಯಿಂದ ಶುರು ಮಾಡಿ. ಪಥೇರ್ ಪಾಂಚಾಲಿ, 1955. ಮಳೆ ಬರೋ ಮುಂಚೆ ಕೆರೆ ನೀರಿನ ಮೇಲೆ ಹುಳ ಓಡಾಡ್ತವೆ, ಮೀನು ಹಿಡಿಯೋಕೆ ಕೂತವನ ಬೋಳು ತಲೆ ಮೇಲೆ ಮೊದಲ ಹನಿ ಬೀಳುತ್ತೆ, ಆಮೇಲೆ ಕಥೆಯ ಹುಡುಗಿ ದುರ್ಗಾ ಕೂದಲು ಬಿಟ್ಕೊಂಡು ನೆನೀತಾಳೆ. ಮಳೆ ಇಲ್ಲಿ ಒಂದು ಖುಷಿ, ಆ ಖುಷಿನೇ ಅವಳಿಗೆ ಜ್ವರ ತರುತ್ತೆ, ರೇ ಇದನ್ನ ಬಾಯಿಬಿಟ್ಟು ಹೇಳೋದೇ ಇಲ್ಲ, ಒಂದಾದ್ಮೇಲೊಂದು ಸಣ್ಣ ಸಣ್ಣ ವಿವರ ಇಡ್ತಾ ಹೋಗ್ತಾರೆ. ನಮ್ಮಲ್ಲಿ ಗದ್ದೆ ಬದಿಯಲ್ಲಿ ಬೆಳೆದವ್ರಿಗೆ ಇದು ಸೀದಾ ಎದೆಗೆ ತಾಗುತ್ತೆ.

ಅದ್ರ ಹಿಂದೇನೇ ತಾರ್ಕೋವ್‌ಸ್ಕಿಯ ಸ್ಟಾಕರ್ ಹಾಕಿ, 1979ರದ್ದು. ಮನದಾಳದ ಆಸೆ ಈಡೇರಿಸುತ್ತೆ ಅನ್ನೋ ಒಂದು ಕೋಣೆ, ಮೂರು ಜನ ಅದರ ಹೊಸ್ತಿಲಲ್ಲಿ ಕೂತಿರ್ತಾರೆ, ಕ್ಯಾಮೆರಾ ಮೆಲ್ಲಗೆ ಹಿಂದಕ್ಕೆ ಬರುತ್ತೆ, ಮಳೆ ಬೀಳೋದು ಕೋಣೆ ಒಳಗೆ! ಸುರಿದು ತಾನಾಗೇ ನಿಲ್ಲುತ್ತೆ. ಯಾಕೆ ಅಂತ ಯಾರೂ ವಿವರಿಸಲ್ಲ. 1972ರ ಸೋಲಾರಿಸ್ ಕೊನೇಲೂ ಮನೆ ಒಳಗೆ ಮಳೆ ಇದೆ. ಎರಡು ಬೇರೆ ಬೇರೆ ಸಿನಿಮಾದಲ್ಲಿ ಇದೇ ಬಂತು ಅಂದ್ರೆ ಅದು ಆಕಸ್ಮಿಕ ಅಲ್ಲ, ವಾದದಲ್ಲಿ 'ಶೈಲಿ' ಅನ್ನೋ ಪದ ಬಳಸೋ ಹಕ್ಕು ಬರೋದು ಇಂಥ ಕಡೆ. ಒಂದೇ ಸಿನಿಮಾದಲ್ಲಿ ಒಂದೇ ಸಲ ಕಂಡಿದ್ದನ್ನ ಶೈಲಿ ಅನ್ಬೇಡಿ.

ಮೂರನೇದು ಗಿರೀಶ್ ಕಾಸರವಳ್ಳಿಯವರ ದ್ವೀಪ, 2002. ಅಣೆಕಟ್ಟಿಂದ ಊರು ಮುಳುಗ್ತಾ ಇದೆ, ನಾಗಿ ಮತ್ತೆ ಅವಳ ಗಂಡ ಗಣಪ ಜಾಗ ಬಿಡಲ್ಲ, ಸುತ್ತ ನೀರು ಏರ್ತಾ ಹೋಗುತ್ತೆ. ಇಲ್ಲಿ ಮಳೆಗೆ ಒಂದು ಲೆಕ್ಕ ಇದೆ, ಎಷ್ಟು ಸುರಿದ್ರೆ ಎಷ್ಟು ಮೆಟ್ಟಿಲು ಮುಳುಗುತ್ತೆ ಅನ್ನೋ ಥರ, ನಾವು ನೋಡೋದೂ ಆ ಮನೆ ಅಂಗಳದಿಂದಾನೇ. 2018ರ ಆಗಸ್ಟಿನ ಪ್ರವಾಹ, ಭೂಕುಸಿತ ಕಂಡ ನಮ್ಮೂರಿನವ್ರು ಈ ಸಿನಿಮಾ ಮುಗಿದ್ಮೇಲೆ ತುಂಬಾ ಹೊತ್ತು ಮಾತಾಡ್ಲಿಲ್ಲ, ಆವತ್ತು ವಾದಾನೂ ಬೇಡ ಅನ್ನಿಸ್ತು. ಎಚ್.ಎಂ. ರಾಮಚಂದ್ರ ಅವರ ಛಾಯಾಗ್ರಹಣಕ್ಕೆ ರಾಷ್ಟ್ರಪ್ರಶಸ್ತಿ ಬಂದಿದ್ದು ಯಾಕೆ ಅಂತ ನೋಡಿದ್ರೆ ಗೊತ್ತಾಗುತ್ತೆ.

ಛಾಯಾಗ್ರಹಣ ಅಂದ ತಕ್ಷಣ ಯಾರಾದ್ರೂ ಕೇಳೇ ಕೇಳ್ತಾರೆ, ಇದೆಲ್ಲ ಕ್ಯಾಮೆರಾಮನ್ ಕೈಚಳಕ ಅಲ್ವಾ, ಡೈರೆಕ್ಟರ್‌ಗೆ ಯಾಕೆ ಕ್ರೆಡಿಟ್ಟು ಅಂತ. ಒಳ್ಳೆ ಪ್ರಶ್ನೆ, ತಳ್ಳಿ ಹಾಕ್ಬೇಡಿ. ಇದಕ್ಕೆ ಜಪಾನಿನ ಎರಡು ಸಿನಿಮಾ ಬೇಕು. ಕುರೊಸಾವಾ ಅವರ ರಾಶೊಮಾನ್, 1950, ಮತ್ತೆ ಓಝು ಅವರ ಫ್ಲೋಟಿಂಗ್ ವೀಡ್ಸ್, 1959. ಎರಡಕ್ಕೂ ಕ್ಯಾಮೆರಾ ಹಿಡಿದಿದ್ದು ಒಬ್ರೇ, ಕಝುವೊ ಮಿಯಾಗಾವಾ. ರಾಶೊಮಾನ್‌ನಲ್ಲಿ ಮುರಿದುಬಿದ್ದ ಹೆಬ್ಬಾಗಿಲಿನ ಸುತ್ತ ಮಳೆ ಗೋಡೆ ಥರ ಸುರಿಯುತ್ತೆ, ಕಾಡಿನ ಸೀನಲ್ಲಿ ಅದೇ ಕ್ಯಾಮೆರಾ ಸೌದೆ ಕಡಿಯೋನ ಹಿಂದೆ ಮುಂದೆ ಓಡುತ್ತೆ. ಓಝು ಹತ್ರ ಬಂದಾಗ ಅದು ತಗ್ಗಲ್ಲಿ, ನೆಲದ ಮೇಲೆ ಕೂತವ್ರ ಎತ್ತರದಲ್ಲಿ ಸುಮ್ನೆ ಕೂರುತ್ತೆ. ಇಕ್ಕಟ್ಟಾದ ಬೀದಿ, ಈ ಸೂರಿನ ಕೆಳಗೆ ಗಂಡಸು, ಆ ಸೂರಿನ ಕೆಳಗೆ ಹೆಂಗಸು, ನಡುವೆ ಮಳೆ, ಇಬ್ರೂ ಬೈದಾಡ್ತಾರೆ, ಯಾರೂ ದಾಟಿ ಬರಲ್ಲ. ಕ್ಯಾಮೆರಾಮನ್ ಒಬ್ರೇ ಇದ್ದೂ ಮಳೆ ಎರಡಾಯ್ತು ಅಂದ್ರೆ ಆ ವ್ಯತ್ಯಾಸ ಡೈರೆಕ್ಟರ್‌ದು ಅಂತ ನನ್ನ ವಾದ. ನಮ್ಮಲ್ಲೊಬ್ಬ ಇದಕ್ಕೆ ಎದುರು ಹೇಳ್ತಾನೆ, ಓಝು ಅವರ ಖಾಯಂ ಕ್ಯಾಮೆರಾಮನ್ ಯೂಹಾರು ಅತ್ಸುತಾ ಇದ್ದಿದ್ರೆ ಮಳೆಗೆ ಇಷ್ಟು ಆವೇಶ ಬರ್ತಿರ್ಲಿಲ್ಲ, ಅದು ಮಿಯಾಗಾವಾ ತಂದಿದ್ದು ಅಂತ. ಇನ್ನೂ ತೀರ್ಮಾನ ಆಗಿಲ್ಲ, ಇಂಥ ಜಗಳ ಎಷ್ಟು ದಿನ ನಡೆದ್ರೂ ಚಂದ.

ಈಗ ನೋಡೋ ಕ್ರಮ. ಸೀನನ್ನ ಮೊದ್ಲು ಸೌಂಡ್ ಬಂದ್ ಮಾಡಿ ನೋಡಿ, ಎಷ್ಟು ಸಲ ಕಟ್ ಆಯ್ತು ಅಂತ ಒಬ್ರು ಎಣಿಸ್ಲಿ. ಆಮೇಲೆ ಕಣ್ಣು ಮುಚ್ಕೊಂಡು ಸೌಂಡ್ ಮಾತ್ರ ಕೇಳಿ. ಇದನ್ನ ಬಿಡ್ಲೇಬೇಡಿ, ಯಾಕಂದ್ರೆ ಪಥೇರ್ ಪಾಂಚಾಲಿಲಿ ದುರ್ಗಾ ಸತ್ತ ಮೇಲೆ ಅಪ್ಪ ವಾಪಸ್ ಬಂದಾಗ ತಾಯಿ ಅಳೋದು ಕಾಣುತ್ತೆ ಆದ್ರೆ ಅವಳ ದನಿ ಕೇಳಲ್ಲ, ತಾರ್ ಶಹನಾಯಿ ಅನ್ನೋ ತಂತಿವಾದ್ಯ ಅಳುತ್ತೆ. ಋತ್ವಿಕ್ ಘಟಕ್ ಅವರ ಮೇಘೆ ಢಾಕಾ ತಾರಾದಲ್ಲಿ, 1960, ನಾಯಕಿ ನೀತಾ ಮೆಟ್ಟಿಲಿಳಿವಾಗ ಚಾಟಿ ಏಟಿನ ಸದ್ದು ಬರುತ್ತೆ, ಚಾಟಿ ಎಲ್ಲೂ ಇಲ್ಲ. ಬಂಗಾಳದ ಇಬ್ರೂ ನೋವಿಗೆ ಬೇರೆ ಸದ್ದು ತಂದಿಟ್ರು, ಒಂದು ಮೆತ್ತಗೆ, ಇನ್ನೊಂದು ಬಾರಿಸೋ ಹಾಗೆ. ಇಬ್ಬರ ಶೈಲಿ ಬಗ್ಗೆ ಎಷ್ಟೋ ಮಾತು ಈ ಎರಡು ಸದ್ದಿಂದಾನೇ ಶುರು ಮಾಡ್ಬಹುದು.

ಶೀಟಿನ ಮಾಡು ಇರೋ ಮನೇಲಿ ಸ್ಪೀಕರ್ ಸಾಲಲ್ಲ, ಹೆಡ್‌ಫೋನ್ ಹಂಚ್ಕೊಳ್ಳಿ, ಸ್ಟಾಕರ್‌ನಲ್ಲಿ ತೊಟ್ಟಿಕ್ಕೋದು ಸಿನಿಮಾದ್ದೋ ನಮ್ಮ ಅಟ್ಟದ್ದೋ ಗೊತ್ತಾಗಲ್ಲ. ಲ್ಯಾಪ್‌ಟಾಪ್ ಬೆಳಗ್ಗೆನೇ ಚಾರ್ಜ್ ಮಾಡಿಟ್ಕೊಳ್ಳಿ, ಕರೆಂಟ್ ನಂಬೋ ಹಾಗಿಲ್ಲ. ಹಂಗೇರಿಯ ಬೇಲಾ ತಾರ್ ಅವರ ಸಾತಾನ್‌ಟ್ಯಾಂಗೋ ಅಂತೂ ಏಳು ಗಂಟೆಗಿಂತ ಜಾಸ್ತಿ, ಪೂರ್ತಿ ಮಳೆ ಮತ್ತೆ ಕೆಸರು, ಅದನ್ನ ಎರಡು ಭಾನುವಾರಕ್ಕೆ ಹಂಚಿ.

ಮಾತಾಡುವಾಗ 'ಸ್ಲೋ' ಅನ್ನೋರು ಯಾವ ಶಾಟು, ಎಷ್ಟು ಹೊತ್ತು ಇತ್ತು, ಆ ಹೊತ್ತಲ್ಲಿ ಏನ್ ಕಾಣ್ತು ಅಂತ ಹೇಳ್ಲೇಬೇಕು. ಇಷ್ಟ ಆಗಿಲ್ಲ ಅಂದ್ರೆ ತಪ್ಪೇನಿಲ್ಲ, ಅಂಥವ್ರಿಗೆ ಅರ್ಥ ಆಗಿಲ್ಲ ಅಂತ ಮಾತ್ರ ಅನ್ಬೇಡಿ. ನಮ್ಮ ಗುಂಪಿಂದ ಒಬ್ಬ ಒಳ್ಳೆ ನೋಡುಗ ಆ ಒಂದು ಮಾತಿಗೆ ಬರೋದೇ ಬಿಟ್ಟ, ಅದು ನನಗೆ ಈಗ್ಲೂ ಬೇಜಾರು.

ಮಳೆ ಬಿಟ್ಟ ಮೇಲೆ ವಸ್ತು ಬದಲಾಯಿಸಿ. ಡಿಸೆಂಬರಲ್ಲಿ ಕಾಫಿ ಕುಯ್ಲಿನ ಗಡಿಬಿಡಿ ಶುರುವಾಗೋ ಮುಂಚೆ ನಾವು 'ದಾರಿ' ಅನ್ನೋ ವಸ್ತು ತಗೋತಿದ್ದೀವಿ. ಇರಾನಿನ ಕಿಯರೋಸ್ತಾಮಿ ಅವರ 1987ರ ಸಿನಿಮಾ 'ವೇರ್ ಈಸ್ ದ ಫ್ರೆಂಡ್ಸ್ ಹೌಸ್?'ನಲ್ಲಿ ಆ ಹುಡುಗ ಗೆಳೆಯನ ನೋಟ್‌ಬುಕ್ ಹಿಡ್ಕೊಂಡು ಅಂಕುಡೊಂಕು ಹಾದೀಲಿ ಗುಡ್ಡ ಹತ್ತಿ ಓಡ್ತಾನಲ್ಲ, ಅಲ್ಲಿಂದ ಶುರು.