ಗುರುಗಳ ವರ್ಗಾವಣೆಯ ಕಾಲದಲ್ಲಿ ಧರ್ಮಕೇಂದ್ರದ ಜನ ಮಾಡಬೇಕಾದ ಕೆಲಸಗಳು

ಬೇಸಿಗೆ ರಜೆ ಮುಗಿದು ಶಾಲೆಗಳು ತೆರೆಯುವ ಹೊತ್ತಿಗೆ ಧರ್ಮಾಧ್ಯಕ್ಷರ (ಬಿಷಪ್) ಕಚೇರಿಯಿಂದ ಗುರುಗಳ (ಪಾದ್ರಿಗಳ) ವರ್ಗಾವಣೆಯ ಪಟ್ಟಿ ಬರುವುದನ್ನು ನಮ್ಮ ಕಡೆಯ ಕಥೋಲಿಕ ಕುಟುಂಬಗಳು ಹಲವು ವರ್ಷಗಳಿಂದ ನೋಡುತ್ತ ಬಂದಿವೆ. ಮೈಸೂರು, ಮಂಡ್ಯ, ಚಾಮರಾಜನಗರ ಮತ್ತು ಕೊಡಗು ಜಿಲ್ಲೆಗಳನ್ನು ಒಳಗೊಂಡಿರುವ ಮೈಸೂರು ಧರ್ಮಕ್ಷೇತ್ರದಲ್ಲಿ, ಅಂದರೆ ಧರ್ಮಾಧ್ಯಕ್ಷರ ಆಡಳಿತದ ವ್ಯಾಪ್ತಿಯಲ್ಲಿ, ನಗರದ ದೊಡ್ಡ ಧರ್ಮಕೇಂದ್ರಗಳೂ (ಪ್ಯಾರಿಷ್) ಇವೆ, ಕಬ್ಬಿನ ಗದ್ದೆಗಳ ನಡುವಿನ ಸಣ್ಣ ಊರುಗಳ ಗುಡಿಗಳೂ (ಚರ್ಚುಗಳೂ) ಇವೆ. ಗುರುಗಳು ಬದಲಾಗುವಾಗ ಎರಡು ಕಡೆಯೂ ಎದುರಾಗುವ ತೊಡಕು ಒಂದೇ: ಯಾವ ಲೆಕ್ಕ ಎಲ್ಲಿದೆ, ಯಾವ ಕಾಗದ ಯಾರ ಹತ್ತಿರ ಇದೆ, ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಎಂಬುದೆಲ್ಲ ಹೊರಡುವ ಗುರುಗಳೊಬ್ಬರಿಗೇ ತಿಳಿದಿರುತ್ತದೆ. ಈ ತಿಳಿವಳಿಕೆಯನ್ನು ಬರಹಕ್ಕೆ ಇಳಿಸಿ ಧರ್ಮಕೇಂದ್ರದಲ್ಲಿಯೇ ಉಳಿಸಿಕೊಳ್ಳುವುದು, ಗುರುಗಳಿಗೆ ಸಲಹೆ ಕೊಡುವ ಜನಪ್ರತಿನಿಧಿಗಳ ಪಾಲನಾ ಮಂಡಳಿಯ ಮತ್ತು ಹಣಕಾಸು ಸಮಿತಿಯ ಕೆಲಸವೆಂದು ನಾನು ದೃಢವಾಗಿ ನಂಬಿದ್ದೇನೆ. ಅದನ್ನು ಮಾಡುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಅಧಿಕಾರ ಯಾರದು ಎಂಬುದು ಸ್ಪಷ್ಟವಾಗಿರಬೇಕು. ಗುರುಗಳ ನೇಮಕ ಮತ್ತು ವರ್ಗಾವಣೆ ಧರ್ಮಾಧ್ಯಕ್ಷರ ನಿರ್ಧಾರ. 1983ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ ಕಾನೂನಿನ ವ್ಯವಹಾರಗಳಲ್ಲೆಲ್ಲ ಧರ್ಮಕೇಂದ್ರವನ್ನು ಪ್ರತಿನಿಧಿಸುವವರು ಅದರ ಗುರುಗಳೇ ಆಗಿರುತ್ತಾರೆ. ಪಾಲನಾ ಮಂಡಳಿಗೆ ಸಲಹೆ ನೀಡುವ ಹಕ್ಕು ಮಾತ್ರ ಇದೆ ಎಂದು 536ನೆಯ ನಿಯಮ ಹೇಳುತ್ತದೆ. ಹಣಕಾಸು ಸಮಿತಿಯಾದರೋ ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಇರಲೇಬೇಕೆಂದು 537ನೆಯ ನಿಯಮ ವಿಧಿಸುತ್ತದೆ. ವರ್ಗಾವಣೆಯಿಂದ ನಿಜವಾಗಿಯೂ ತೊಂದರೆಯಾಗುತ್ತದೆ ಎಂದು ಜನರಿಗೆ ಅನಿಸಿದರೆ, ಉದಾಹರಣೆಗೆ ಗುಡಿಯ ಕಟ್ಟಡ ಅರ್ಧಕ್ಕೆ ನಿಂತಿದ್ದರೆ, ತಮ್ಮ ಅಭಿಪ್ರಾಯವನ್ನು ಧರ್ಮಾಧ್ಯಕ್ಷರಿಗೆ ತಿಳಿಸುವ ಹಕ್ಕನ್ನು 212ನೆಯ ನಿಯಮ ಶ್ರೀಸಾಮಾನ್ಯರಿಗೆ ಕೊಟ್ಟಿದೆ. ಕಾರಣಗಳನ್ನು ವಿವರಿಸಿದ ಒಂದು ಪತ್ರಕ್ಕೆ ಮಂಡಳಿಯ ಮೂರು ನಾಲ್ಕು ಜನ ಸಹಿ ಮಾಡಿ ಖುದ್ದಾಗಿ ಕೊಂಡೊಯ್ದು ಕೊಡುವುದು ಅದಕ್ಕೆ ಸರಿಯಾದ ದಾರಿ. ಗುಡಿಯ ಬಾಗಿಲಲ್ಲಿ ಸಹಿ ಸಂಗ್ರಹಿಸುವುದು, ಧರ್ಮಾಧ್ಯಕ್ಷರ ನಿವಾಸದ ಮುಂದೆ ಗುಂಪು ಸೇರುವುದು, ವಾಟ್ಸಾಪ್‌ನಲ್ಲಿ ಊಹಾಪೋಹ ಹರಡುವುದು, ಇವುಗಳಿಂದ ಹೋಗುವ ಗುರುಗಳ ಹೆಸರೂ ಕೆಡುತ್ತದೆ, ಬರುವ ಗುರುಗಳ ದಾರಿಯೂ ಕಷ್ಟವಾಗುತ್ತದೆ.

ಪಟ್ಟಿ ಬಂದ ವಾರದಲ್ಲಿಯೇ ಮಂಡಳಿಯ ಕಾರ್ಯದರ್ಶಿ ಒಂದು ಸಭೆ ಕರೆಯುವಂತೆ ಗುರುಗಳನ್ನು ಕೇಳಿಕೊಳ್ಳಬೇಕು. ಮಂಡ್ಯದ ಕಡೆಯ ಊರುಗಳಲ್ಲಿ ಗದ್ದೆ ಕೆಲಸ ಮುಗಿಸಿ ಬರುವವರಿಗೆ ಅನುಕೂಲವಾಗುವಂತೆ ಸಂಜೆಯ ಪೂಜೆಯ ನಂತರ ಸಭೆ ಇಟ್ಟುಕೊಳ್ಳುವುದು ಒಳ್ಳೆಯದು. ಈ ಸಭೆಗೆ ಒಂದೇ ವಿಷಯವಿರಲಿ: ಹಸ್ತಾಂತರ. ಬೀಳ್ಕೊಡುಗೆಯ ಊಟದ ಮಾತು ಶುರುವಾದರೆ ಉಳಿದದ್ದೆಲ್ಲ ಹಿಂದೆ ಬೀಳುತ್ತದೆ, ಆದ್ದರಿಂದ ಅದನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಬೇಕು.

ಹಸ್ತಾಂತರದಲ್ಲಿ ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದು ವಹಿಗಳಿಗೆ. ಜ್ಞಾನಸ್ನಾನ, ವಿವಾಹ ಮತ್ತು ಮರಣದ ವಹಿಗಳನ್ನು ಪ್ರತಿಯೊಂದು ಧರ್ಮಕೇಂದ್ರವೂ ಇಟ್ಟುಕೊಂಡಿರಬೇಕು ಎಂಬುದು 535ನೆಯ ನಿಯಮ. ಜ್ಞಾನಸ್ನಾನದ ವಹಿಯಲ್ಲಿ ವ್ಯಕ್ತಿಯ ಹೆಸರಿನ ಪಕ್ಕದಲ್ಲಿಯೇ ಆತನ ದೃಢೀಕರಣ ಸಂಸ್ಕಾರದ (ಕನ್ಫರ್ಮೇಷನ್) ಮತ್ತು ಮದುವೆಯ ವಿವರಗಳೂ ದಾಖಲಾಗಬೇಕು. ಪಾಂಡವಪುರದಲ್ಲಿ ಜ್ಞಾನಸ್ನಾನ ಪಡೆದ ಹುಡುಗಿಯ ಮದುವೆ ಬೆಂಗಳೂರಿನಲ್ಲಿ ನಡೆದರೆ, ಅಲ್ಲಿನ ಗುರುಗಳು ಮದುವೆಯ ವಿವರವನ್ನು ಇಲ್ಲಿಗೆ ಬರೆದು ಕಳಿಸುತ್ತಾರೆ, ಅದನ್ನು ಇಲ್ಲಿಯ ವಹಿಯಲ್ಲಿ ಏರಿಸಬೇಕು. ಇಂತಹ ಪತ್ರಗಳು ವಹಿಗೆ ಏರದೆ ಹಾಳೆಗಳ ನಡುವೆ ಮಡಚಿಕೊಂಡು ಉಳಿದುಬಿಡುವುದುಂಟು. ಗುರುಗಳು ಹೊರಡುವ ಮುನ್ನ ಅವರ ಜೊತೆ ಕುಳಿತು ವಹಿಯ ಹಾಳೆಗಳನ್ನು ಒಂದೊಂದಾಗಿ ತಿರುವಿ, ಸಿಕ್ಕಿದ ಬಿಡಿ ಪತ್ರಗಳನ್ನೆಲ್ಲ ದಾಖಲಿಸಿ, ಸಹಿ ಬೀಳದೆ ಉಳಿದ ನಮೂದುಗಳಿಗೆ ಅವರ ಸಹಿ ಪಡೆಯಬೇಕು. ಆ ಸಂಸ್ಕಾರವನ್ನು ನಡೆಸಿಕೊಟ್ಟವರು ಊರಲ್ಲಿರುವಾಗಲೇ ಈ ಕೆಲಸ ಸುಲಭ; ಅವರು ಹೋದ ಮೇಲೆ ಒಂದು ಸಹಿಗಾಗಿ ವಿರಾಜಪೇಟೆಯವರೆಗೂ ಹೋಗಬೇಕಾದೀತು.

ಹಳೆಯ ವಹಿಗಳ ಬಗ್ಗೆ ಇನ್ನಷ್ಟು ಎಚ್ಚರ ಬೇಕು. ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ಫ್ರೆಂಚ್ ಗುರುಗಳು ಬಹುಕಾಲ ಸೇವೆ ಸಲ್ಲಿಸಿದ ಈ ಸೀಮೆಯಲ್ಲಿ ಹಿಂದಿನ ನಮೂದುಗಳು ಲ್ಯಾಟಿನ್ ಭಾಷೆಯಲ್ಲಿರುತ್ತವೆ. ಮನೆಯಲ್ಲಿ ಜೋಸೆಫಪ್ಪ ಎಂದು ಕರೆಯುತ್ತಿದ್ದ ಅಜ್ಜ ವಹಿಯಲ್ಲಿ ಯೋಸೆಫುಸ್ ಆಗಿರುತ್ತಾರೆ. ಶಾಯಿ ಮಾಸಿ ಅಂಚು ಉದುರುತ್ತಿರುವ ಹಾಳೆಗಳ ಫೋಟೊಗಳನ್ನು ಗುರುಗಳ ಅನುಮತಿ ಪಡೆದು ತೆಗೆಸಿ, ಧರ್ಮಕೇಂದ್ರದ ಕಚೇರಿಯಲ್ಲಿ ಮಾತ್ರ ಕಾಪಾಡಬೇಕು. ಅವು ಕುಟುಂಬಗಳ ಖಾಸಗಿ ವಿವರಗಳಾದ್ದರಿಂದ ಯಾರ ಮೊಬೈಲಿನಲ್ಲಿಯೂ ಉಳಿಯಬಾರದು. ವಹಿಗಳ ಹೆಸರು, ಅವು ಯಾವ ವರ್ಷದಿಂದ ಯಾವ ವರ್ಷದವರೆಗಿನವು, ಯಾವ ಕಪಾಟಿನಲ್ಲಿವೆ ಎಂಬ ಒಂದು ಪುಟದ ಪಟ್ಟಿ ಮಾಡಿಟ್ಟರೆ, ಶಾಲೆಗೋ ಮದುವೆಗೋ ಪ್ರಮಾಣಪತ್ರ ಕೇಳಿಕೊಂಡು ದೂರದಿಂದ ಬಂದವರು ಬರಿಗೈಯಲ್ಲಿ ಹಿಂತಿರುಗುವುದು ತಪ್ಪುತ್ತದೆ.

ವಹಿಗಳ ನಂತರ ನಡೆಯುತ್ತಿರುವ ವ್ಯವಹಾರಗಳತ್ತ ನೋಡಬೇಕು. ಮುಂದಿನ ತಿಂಗಳುಗಳಿಗೆ ದಿನ ಗೊತ್ತಾಗಿರುವ ಮದುವೆಗಳಲ್ಲಿ ಯಾವುದಕ್ಕೆ ಗುಡಿಯಲ್ಲಿ ಮದುವೆಯ ಪ್ರಕಟಣೆ ಓದಿಸಲಾಗಿದೆ, ಯಾವ ಜೋಡಿಯ ತರಬೇತಿ ಬಾಕಿ ಇದೆ, ಯಾವುದಕ್ಕೆ ಧರ್ಮಾಧ್ಯಕ್ಷರ ಕಚೇರಿಯ ಅನುಮತಿ ಬರಬೇಕಾಗಿದೆ ಎಂಬುದನ್ನು ಪ್ರತ್ಯೇಕ ಕಡತದಲ್ಲಿ ಬರೆದಿಡಬೇಕು. ಕಾಣಿಕೆ ಪಡೆದೂ ಇನ್ನೂ ಅರ್ಪಿಸದ ಪೂಜೆಗಳ ಕೋರಿಕೆಗಳು ಪೂಜೆಯ ವಹಿಯಲ್ಲಿ ಎಷ್ಟಿವೆಯೋ ಅಷ್ಟೂ ಹೊಸ ಗುರುಗಳಿಗೆ ಲೆಕ್ಕ ಸಮೇತ ತಲುಪಬೇಕು. ತಾಯಿಯ ವರ್ಷದ ದಿನಕ್ಕೆಂದು ತಿಂಗಳುಗಳ ಮುಂಚೆಯೇ ಹಣ ಕೊಟ್ಟವರಿಗೆ ಆ ದಿನ ಗುಡಿಯಲ್ಲಿ ತಾಯಿಯ ಹೆಸರು ಕೇಳಿಸದಿದ್ದರೆ ಆಗುವ ನೋವು ಸಣ್ಣದಲ್ಲ.

ಹಣದ ವಿಷಯದಲ್ಲಿ ಮುಚ್ಚುಮರೆಯೂ ಬೇಡ, ಅನುಮಾನವೂ ಬೇಡ. ಒಂದು ಉದ್ದೇಶಕ್ಕೆಂದು ಕೊಟ್ಟ ಕಾಣಿಕೆಯನ್ನು ಆ ಉದ್ದೇಶಕ್ಕೇ ಬಳಸಬೇಕು ಎಂದು 1267ನೆಯ ನಿಯಮ ಹೇಳುವುದರಿಂದ ಗಂಟೆಗೋಪುರದ ನಿಧಿ, ಬಡ ಮಕ್ಕಳ ಶುಲ್ಕದ ನಿಧಿ, ಸಮಾಧಿ ಭೂಮಿಯ ಬೇಲಿಯ ನಿಧಿ, ಇವುಗಳ ಉಳಿಕೆಯನ್ನು ಬೇರೆ ಬೇರೆಯಾಗಿಯೇ ತೋರಿಸಬೇಕು. ಹೊಸ ಆಡಳಿತಗಾರರು ಅಧಿಕಾರ ವಹಿಸಿಕೊಳ್ಳುವ ಮುನ್ನ ಸ್ಥಿರ ಆಸ್ತಿ ಮತ್ತು ಬೆಲೆಬಾಳುವ ವಸ್ತುಗಳ ನಿಖರವಾದ ಪಟ್ಟಿ ಸಿದ್ಧವಾಗಬೇಕು, ಅದರ ಒಂದು ಪ್ರತಿ ಇಲ್ಲಿ, ಇನ್ನೊಂದು ಪ್ರತಿ ಧರ್ಮಕ್ಷೇತ್ರದ ಕಚೇರಿಯಲ್ಲಿ ಇರಬೇಕು ಎಂಬುದು 1283ನೆಯ ನಿಯಮ. ಹಳೆಯ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಪೂಜಾಪಾತ್ರೆ, ಸಂತರ ಪ್ರತಿಮೆಗಳಾದ ಸ್ವರೂಪಗಳು, ಹಬ್ಬದ ತೇರು, ಧ್ವನಿವರ್ಧಕ, ಹಾರ್ಮೋನಿಯಂ ಎಲ್ಲವನ್ನೂ ಕಣ್ಣಿಂದ ನೋಡಿ ಗುರುತು ಹಾಕಬೇಕು. ಗುರುಗಳು ಸ್ವಂತ ಹಣದಿಂದ ಕೊಂಡ ಪುಸ್ತಕ, ಕಂಪ್ಯೂಟರ್ ಮುಂತಾದವುಗಳನ್ನು ಆಗಲೇ ಬೇರೆಯಾಗಿ ಬರೆದಿಟ್ಟರೆ ಅವರು ಸಾಮಾನು ಲಾರಿಗೆ ಹಾಕುವಾಗ ಯಾರೂ ಪಿಸುಗುಟ್ಟುವ ಸಂದರ್ಭ ಬರುವುದಿಲ್ಲ.

ಈಚಿನ ವರ್ಷಗಳಲ್ಲಿ ಇನ್ನೊಂದು ತೊಡಕು ಸೇರಿಕೊಂಡಿದೆ. ಬ್ಯಾಂಕ್ ಖಾತೆ, ಸೆಸ್ಕ್ ವಿದ್ಯುತ್ ಬಿಲ್ಲು, ಗ್ಯಾಸ್ ಸಂಪರ್ಕ, ಕಾಣಿಕೆಯ ಕ್ಯೂಆರ್ ಕೋಡ್ ಎಲ್ಲವೂ ಗುರುಗಳ ಸ್ವಂತ ಮೊಬೈಲ್ ಸಂಖ್ಯೆಗೆ ಜೋಡಣೆಯಾಗಿರುತ್ತವೆ, ಅವರು ಹೋದ ಮೇಲೆ ಒಟಿಪಿ ಬೇರೆ ಊರಿನಲ್ಲಿ ಸದ್ದು ಮಾಡುತ್ತದೆ. ಧರ್ಮಕೇಂದ್ರದ ಹೆಸರಿನಲ್ಲಿಯೇ ಒಂದು ಸಂಖ್ಯೆ ಮತ್ತು ಒಂದು ಇಮೇಲ್ ಮಾಡಿಸಿ, ಎಲ್ಲ ಜೋಡಣೆಗಳನ್ನೂ ಅದಕ್ಕೆ ಬದಲಾಯಿಸಬೇಕು. ಬ್ಯಾಂಕಿನಲ್ಲಿ ಸಹಿದಾರರ ಬದಲಾವಣೆಗೆ ನೇಮಕ ಪತ್ರದ ಪ್ರತಿ ಮತ್ತು ನಿರ್ಣಯದ ಪ್ರತಿ ಕೇಳುತ್ತಾರೆ, ಅವನ್ನು ಮೊದಲೇ ಸಿದ್ಧಪಡಿಸಿದರೆ ಸಿಬ್ಬಂದಿಯ ಸಂಬಳ ತಡವಾಗುವುದಿಲ್ಲ. ನಗರದಲ್ಲಿ ಖಾತಾ ಮತ್ತು ಕಂದಾಯದ ರಸೀದಿ, ಹಳ್ಳಿಯಲ್ಲಿ ಪಹಣಿ ಮತ್ತು ಇ-ಸ್ವತ್ತು ಪತ್ರ, ಸಮಾಧಿ ಭೂಮಿಯ ಅಳತೆಯ ನಕ್ಷೆ, ಇವುಗಳ ಮೂಲಪ್ರತಿ ಎಲ್ಲಿದೆ ಎಂಬುದೂ ಹಸ್ತಾಂತರದ ಕಡತದಲ್ಲಿ ದಾಖಲಾಗಬೇಕು.

ಕಾಗದಕ್ಕೆ ಸಿಗದ ವಿಷಯಗಳಿಗೂ ಒಂದು ಕ್ರಮ ಬೇಕು. ತಿಂಗಳ ಮೊದಲ ಶುಕ್ರವಾರ ಮನೆಗೆ ಪರಮಪ್ರಸಾದ ಒಯ್ಯಬೇಕಾದ ರೋಗಿಗಳು, ಒಂಟಿಯಾಗಿರುವ ವೃದ್ಧರು, ಈ ವರ್ಷ ಸಾವು ಕಂಡ ಮನೆಗಳು, ಇವುಗಳ ಪಟ್ಟಿಯನ್ನು ವಲಯದ ಮುಖ್ಯಸ್ಥರು ಮತ್ತು ಸಿಸ್ಟರ್‌ಗಳು ಸೇರಿ ಮಾಡಬಹುದು. ಆದರೆ ಗಂಡ ಹೆಂಡಿರ ಜಗಳ, ಅಣ್ಣ ತಮ್ಮಂದಿರ ವ್ಯಾಜ್ಯ, ಗುಡಿಗೆ ಬರುವುದನ್ನು ಬಿಟ್ಟವರ ಕಾರಣಗಳನ್ನು ಯಾವ ಪಟ್ಟಿಯಲ್ಲಿಯೂ ಬರೆಯಬಾರದು. ಗುರುಗಳಿಗೆ ನಂಬಿಕೆಯಿಂದ ಹೇಳಿದ ಮಾತನ್ನು ಮುಂದಿನ ಗುರುಗಳಿಗೆ ತಿಳಿಸಬೇಕೋ ಬೇಡವೋ ಎಂಬುದನ್ನು ಆ ಮನೆಯವರನ್ನು ಕೇಳಿಯೇ ತೀರ್ಮಾನಿಸಬೇಕು. ಪಾಪನಿವೇದನೆಯಲ್ಲಿ ಹೇಳಿದ್ದರ ಪ್ರಸ್ತಾಪವಂತೂ ಎಲ್ಲಿಯೂ ಬರುವಂತಿಲ್ಲ.

ಬೀಳ್ಕೊಡುಗೆಯನ್ನು ಮನಸ್ಸು ತುಂಬಿ ಮಾಡಬೇಕು, ಅದರಲ್ಲಿ ಜಿಪುಣತನ ಬೇಡ. ಶಾಲು, ಹಾರ, ಮೈಸೂರು ಪೇಟ, ಗಾಯನ ವೃಂದದ ಹಾಡು, ಎಲ್ಲರೂ ಕೂತು ಉಣ್ಣುವ ಊಟ ಇದ್ದರೆ ಸಾಕು. ಮನೆಮನೆಯಿಂದ ಹಣ ಎತ್ತಿದರೆ ಮೊತ್ತವನ್ನೂ ಖರ್ಚನ್ನೂ ಮುಂದಿನ ಭಾನುವಾರ ಓದಿ ಹೇಳಬೇಕು, ಕೊಡಲಾಗದವರ ಹೆಸರು ಎಲ್ಲಿಯೂ ಬರಬಾರದು. ಮಾತನಾಡುವವರು ಈ ಗುರುಗಳನ್ನು ಹೊಗಳುವಾಗ ಹಿಂದಿನವರನ್ನು ತೆಗಳದಂತೆ ಮೊದಲೇ ವಿನಂತಿಸಿಕೊಳ್ಳುವುದು ಸಭೆ ನಡೆಸುವವರ ಜವಾಬ್ದಾರಿ.

ಹೊಸ ಗುರುಗಳು ಬರುವುದು ನಾಲ್ಕು ದಿನ ತಡವಾದರೆ ಗಾಬರಿ ಬೇಡ. ಸಹಾಯಕ ಗುರುಗಳಿದ್ದಲ್ಲಿ ಆ ಅವಧಿಯ ಹೊಣೆ ಅವರದು. ಅಧಿಕಾರ ಸ್ವೀಕಾರದ ಪೂಜೆಯ ದಿನ ಮನವಿಪತ್ರಗಳನ್ನು ಕೈಗೆ ತುರುಕುವ ಅಭ್ಯಾಸವನ್ನು ದಯವಿಟ್ಟು ಬಿಡಬೇಕು. ಜೂನ್ ತಿಂಗಳಲ್ಲಿ ಬಂದವರಿಗೆ ಕೂಡಲೇ 13ನೆಯ ತಾರೀಖಿನ ಸಂತ ಅಂತೋಣಿಯವರ ಹಬ್ಬ ಎದುರಾಗುತ್ತದೆ. ದೋರನಹಳ್ಳಿಯ ಬಸಿಲಿಕಾಕ್ಕೆ ಪಾದಯಾತ್ರೆ ಹೊರಡುವವರ ವ್ಯವಸ್ಥೆ, ಊರಿನ ನವೇನ (ಒಂಬತ್ತು ದಿನಗಳ ಪ್ರಾರ್ಥನೆ), ತೇರಿನ ದಾರಿಗೆ ಪೊಲೀಸರ ಅನುಮತಿ, ಇವೆಲ್ಲವನ್ನೂ ಮಂಡಳಿ ತಾನೇ ಮುಂದಾಗಿ ಸಿದ್ಧಪಡಿಸಿ ಅವರ ಮುಂದಿಟ್ಟರೆ ಅವರು ಜನರ ಪರಿಚಯಕ್ಕೆ ಸಮಯ ಕೊಡಬಹುದು. ವಲಯಕ್ಕೊಬ್ಬರಂತೆ ಜೊತೆಯಾಗಿ ಮನೆಭೇಟಿಗೆ ಕರೆದೊಯ್ಯುವಾಗ ಸ್ಥಿತಿವಂತರ ಮನೆಗಳಿಂದ ಆರಂಭಿಸದೆ ಬೀದಿಯ ಸಾಲಿನಂತೆ ಹೋಗುವುದು ನ್ಯಾಯ.

ಅತ್ಯಂತ ಸೂಕ್ಷ್ಮವಾದ ವಿಷಯ ಭಾಷೆಯದು. ಮೈಸೂರಿನ ಧರ್ಮಕೇಂದ್ರಗಳಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಪೂಜೆಗಳಿಗೆ ಬರುವವರೆಲ್ಲರೂ ಅದೇ ಗುಡಿಯ ಮಕ್ಕಳು. ಗುರುಗಳು ಬದಲಾದ ಸಮಯ ನೋಡಿ ಪೂಜೆಯ ವೇಳೆಯನ್ನು ತಮ್ಮ ಕಡೆಗೆ ಎಳೆದುಕೊಳ್ಳಲು ಯಾವ ಗುಂಪು ಪ್ರಯತ್ನಿಸಿದರೂ ಆ ಗಾಯ ಬೇಗ ಮಾಯುವುದಿಲ್ಲ. ಆದ್ದರಿಂದ ಈಗಿರುವ ವೇಳಾಪಟ್ಟಿಯನ್ನು ಬರೆದು, ಕನಿಷ್ಠ ಆರು ತಿಂಗಳು ಅದನ್ನು ಬದಲಾಯಿಸಬಾರದೆಂದು ಮಂಡಳಿಯ ಎಲ್ಲ ಭಾಷಿಕರೂ ಸೇರಿ ಸಲಹೆ ಕೊಡುವುದು ವಿವೇಕ. ಅದಾದ ಮೇಲೆ ಬದಲಾವಣೆ ಅಗತ್ಯವೆನಿಸಿದರೆ ಪ್ರತಿ ಪೂಜೆಗೆ ಬರುವವರ ಸಂಖ್ಯೆಯನ್ನು ಕೆಲವು ಭಾನುವಾರ ಎಣಿಸಿ, ಎಲ್ಲರ ಎದುರಿನಲ್ಲಿ ಚರ್ಚಿಸಿಯೇ ಮಾಡಬೇಕು.

ಮಂಡಳಿಯ ಪುನರ್ರಚನೆಯೂ ಇದೇ ಕಾಲಕ್ಕೆ ಬರುವುದುಂಟು. ಹಳಬರೆಲ್ಲರೂ ಒಟ್ಟಿಗೆ ಹೊರಹೋದರೆ ವಿಷಯ ತಿಳಿದವರೇ ಇಲ್ಲವಾಗುತ್ತಾರೆ, ಹಳಬರೇ ಉಳಿದರೆ ಯುವಕರೂ ಹೆಣ್ಣುಮಕ್ಕಳೂ ದೂರ ನಿಲ್ಲುತ್ತಾರೆ. ಧರ್ಮಕ್ಷೇತ್ರದ ನಿಯಮಾವಳಿ ಅವಕಾಶ ಕೊಟ್ಟಷ್ಟರ ಮಟ್ಟಿಗೆ ಅರ್ಧದಷ್ಟು ಹೊಸಬರನ್ನು ತರುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಪ್ರೊಟೆಸ್ಟೆಂಟರ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳ ಸಮಿತಿಯ ರಚನೆ ಮತ್ತು ಅಧಿಕಾರ ಬೇರೆ ಬಗೆಯವಾದರೂ, ವಹಿ, ಲೆಕ್ಕ ಮತ್ತು ಆಸ್ತಿಪತ್ರಗಳ ವಿಷಯದಲ್ಲಿ ಮೇಲೆ ಹೇಳಿದ್ದು ಅಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ಹೋದ ಗುರುಗಳೊಡನೆ ಸ್ನೇಹ ಮುಂದುವರಿಯಲಿ, ಆದರೆ ಇಲ್ಲಿನ ತೀರ್ಮಾನಗಳ ಬಗ್ಗೆ ಅವರಿಗೆ ಫೋನು ಮಾಡಿ ಅಭಿಪ್ರಾಯ ಕೇಳುವುದು ಇಬ್ಬರು ಗುರುಗಳಿಗೂ ಮುಜುಗರ ತರುತ್ತದೆ. ಹೊಸ ಗುರುಗಳು ಬಂದು ಮೂರು ತಿಂಗಳಾದಾಗ ಮಂಡಳಿಯೂ ಹಣಕಾಸು ಸಮಿತಿಯೂ ಒಟ್ಟಿಗೆ ಕುಳಿತು, ಹಸ್ತಾಂತರದ ಕಡತದಲ್ಲಿ ಬಾಕಿ ಎಂದು ಬರೆದ ಪ್ರತಿಯೊಂದು ಸಾಲನ್ನೂ ಮತ್ತೆ ಓದಿ, ಮುಗಿದದ್ದಕ್ಕೆ ದಿನಾಂಕ ಹಾಕಿ, ಮುಗಿಯದ್ದಕ್ಕೆ ಒಬ್ಬರ ಹೆಸರನ್ನು ಹೊಣೆಯಾಗಿ ಬರೆಯಬೇಕು; ಜನರು ಕೊಟ್ಟ ಕಾಣಿಕೆಯ ಲೆಕ್ಕವನ್ನು ಜನರಿಗೆ ಒಪ್ಪಿಸಬೇಕೆಂದು 1287ನೆಯ ನಿಯಮ ಹೇಳುವುದರಿಂದ ಆ ಅವಧಿಯ ಜಮಾ ಖರ್ಚಿನ ಪಟ್ಟಿಯನ್ನು ಭಾನುವಾರದ ಪೂಜೆಯ ಕೊನೆಯಲ್ಲಿ ಓದಿ ಸೂಚನಾ ಫಲಕದಲ್ಲಿ ಹಚ್ಚಬೇಕು.