ಎಲ್‌ಇಡಿ ಬಲ್ಬ್ ಕೊಳ್ಳುವ ಮುನ್ನ ಹೋಲ್ಡರ್ ಕಡೆ ನೋಡಿ

ಮನೆಗಳ ವೈರಿಂಗ್ ಕೆಲಸ ಮಾಡುವವನು ನಾನು. "ಎಲ್‌ಇಡಿ ಬಲ್ಬ್ ಬೇಗ ಹೋಗ್ತಿದೆ, ಯಾವ ಕಂಪನಿದು ತರೋದು?" ಅಂತ ಯಾರಾದರೂ ಕೇಳಿದರೆ, ಬಲ್ಬನ್ನು ಯಾವುದರೊಳಗೆ ಹಾಕಿದ್ದೀರಿ ಅಂತ ಮೊದಲು ತಿರುಗಿ ಕೇಳುತ್ತೇನೆ. ಬಹಳ ಸಲ ಉತ್ತರ ಅಲ್ಲೇ ಸಿಕ್ಕಿಬಿಡುತ್ತದೆ.

ಎಲ್‌ಇಡಿಯ ದೊಡ್ಡ ಶತ್ರು ಶಾಖ. ಹಳೇ ಫಿಲಮೆಂಟ್ ಬಲ್ಬ್ ತನ್ನ ಬಿಸಿಯನ್ನು ಬೆಳಕಿನ ಜೊತೆಗೇ ಸುತ್ತಲೂ ಚೆಲ್ಲುತ್ತಿತ್ತು. ಎಲ್‌ಇಡಿಯಲ್ಲಿ ಬಿಸಿ ಹಿಂದಕ್ಕೆ, ಬುಡಕ್ಕೆ ಹೋಗುತ್ತದೆ. ಮನೆಯ ಎಸಿ ಕರೆಂಟನ್ನು ಎಲ್‌ಇಡಿಗೆ ಬೇಕಾದ ಡಿಸಿ ಕರೆಂಟ್ ಮಾಡಿ ಕೊಡುವ ಡ್ರೈವರ್ ಎಂಬ ಸರ್ಕ್ಯೂಟ್ ಇರುವುದೂ ಅದೇ ಬುಡದಲ್ಲಿ. ಕೆಟ್ಟ ಬಲ್ಬುಗಳನ್ನು ಬಿಚ್ಚಿ ನೋಡುವ ಅಭ್ಯಾಸ ನನಗಿದೆ. ಕೆಲವದರಲ್ಲಿ ಬೆಳಕು ಕೊಡುವ ಹಳದಿ ಎಲ್‌ಇಡಿ ಚಿಪ್‌ಗಳ ನಡುವೆ ಒಂದರ ಮೇಲೆ ಮಾತ್ರ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ. ಎಲ್ಲವೂ ಸಾಲಾಗಿ ಜೋಡಿಸಿರುವುದರಿಂದ ಆ ಒಂದು ಹೋದರೆ ಸಾಲೇ ಆರುತ್ತದೆ. ಇನ್ನು ಕೆಲವದರಲ್ಲಿ ಚಿಪ್‌ಗಳೆಲ್ಲ ಸರಿಯಾಗಿದ್ದು ಡ್ರೈವರಿನೊಳಗಿನ ಕೆಪಾಸಿಟರ್ ಎಂಬ ಬಿಡಿಭಾಗ ತಲೆ ಉಬ್ಬಿಸಿಕೊಂಡಿರುತ್ತದೆ. ಎರಡಕ್ಕೂ ಸಾಮಾನ್ಯ ಕಾರಣ ಬಿಸಿ.

ಹಾಗಾಗಿ ಗಾಳಿಯಾಡದ ಗಾಜಿನ ಡೋಮ್ ಅಥವಾ ಸೀಲಿಂಗಿನಲ್ಲಿ ಹುದುಗಿಸಿದ ಡಬ್ಬಿಗೆ ಬಲ್ಬ್ ತರುವಾಗ ಪೆಟ್ಟಿಗೆಯ ಹಿಂಬದಿಯ ಸಣ್ಣ ಅಕ್ಷರ ಓದಿ. ಮುಚ್ಚಿದ ಫಿಟ್ಟಿಂಗಿಗೆ ಬೇಡ ಎಂದಿದ್ದರೆ ಬಿಟ್ಟುಬಿಡಿ. ಏನೂ ಬರೆದಿಲ್ಲವಾದರೆ ಕಡಿಮೆ ವ್ಯಾಟಿನದೇ ಇರಲಿ. ಫಿಟ್ಟಿಂಗ್ ಮೇಲೆ "ಗರಿಷ್ಠ 40 ವ್ಯಾಟ್" ಅಂತಿದ್ದರೆ ಅದು ಬಲ್ಬ್ ನಿಜಕ್ಕೂ ಎಳೆಯುವ ವ್ಯಾಟ್. "60 ವ್ಯಾಟಿಗೆ ಸಮ" ಎಂದು ದೊಡ್ಡದಾಗಿ ಬರೆದ 9 ವ್ಯಾಟ್ ಬಲ್ಬನ್ನು ಅಲ್ಲಿ ಹಾಕಲು ಅಡ್ಡಿಯಿಲ್ಲ.

ಹೋಲ್ಡರ್ ಪಿನ್ನಿನದಾದರೆ ಬಿ22, ತಿರುಪಿನದಾದರೆ ಇ27, ಸಣ್ಣ ತಿರುಪು ಇ14. ಗೊಂದಲವಾದರೆ ಹಳೇ ಬಲ್ಬನ್ನೇ ಅಂಗಡಿಗೆ ಒಯ್ಯಿರಿ.

ಬೆಳಕು ಎಷ್ಟು ಅನ್ನುವುದನ್ನು ಲ್ಯೂಮೆನ್‌ನಲ್ಲಿ ನೋಡಿ. ಹಳೇ 60 ವ್ಯಾಟ್ ಬಲ್ಬಿನಷ್ಟು ಬೆಳಕಿಗೆ ಸುಮಾರು 800 ಲ್ಯೂಮೆನ್ ಬೇಕು, 40 ವ್ಯಾಟಿನಷ್ಟಕ್ಕೆ 450 ಸಾಕು. ಬಣ್ಣಕ್ಕೆ ಕೆಲ್ವಿನ್: ಮಲಗುವ ಕೋಣೆಗೆ 2700ರ ಹಳದಿ ಬೆಳಕು ಹಿತ, ಅಡುಗೆಮನೆಗೆ 4000 ಒಪ್ಪುತ್ತದೆ. ಎಲ್ಲ ಕೋಣೆಗೂ 6500ರ ಬಿಳಿ ಬೆಳಕು ಹಾಕಿಸುವವರನ್ನು ಕಂಡರೆ ನನಗೆ ಬೇಸರ. ರಾತ್ರಿ ಕಣ್ಣಿಗೆ ಅಷ್ಟು ಬಿಳುಪು ಬೇಡ. ಮಕ್ಕಳು ಓದುವ ಕಡೆ ಬಲ್ಬ್ ಮಿಣುಕಬಾರದು. ಅಂಗಡಿಯಲ್ಲೇ ಹಚ್ಚಿಸಿ ಮೊಬೈಲ್ ಕ್ಯಾಮೆರಾದಲ್ಲಿ ನೋಡಿ. ದಪ್ಪ ಕಪ್ಪು ಪಟ್ಟಿಗಳು ಓಡಿದರೆ ಬೇರೆಯದು ಕೇಳಿ.

ಬೆಳಕು ಹೆಚ್ಚು ಕಡಿಮೆ ಮಾಡುವ ಡಿಮ್ಮರ್ ಇರುವ ಸ್ವಿಚ್ಚಿಗೆ ಡಿಮ್ಮಬಲ್ ಎಂದು ಬರೆದದ್ದನ್ನೇ ಹಾಕಬೇಕು. ಅದಿದ್ದೂ ಗುಂಯ್‌ಗುಟ್ಟಿದರೆ, ಹಳೇ ಡಿಮ್ಮರಿಗೆ ಇಷ್ಟು ಕಡಿಮೆ ಲೋಡ್ ಸಾಲದಿರಬಹುದು, ಡಿಮ್ಮರನ್ನೇ ಬದಲಿಸಬೇಕಾದೀತು. ಬಚ್ಚಲಲ್ಲಿ, ಮಳೆ ಎರಚುವ ಕಡೆ ನೀರು ತಡೆಯಬೇಕಾದದ್ದು ಫಿಟ್ಟಿಂಗ್. ಅದು ನೀರು, ಧೂಳನ್ನು ಎಷ್ಟು ತಡೆಯುತ್ತದೆ ಅನ್ನುವುದನ್ನು ಐಪಿ ಸಂಖ್ಯೆ ಹೇಳುತ್ತದೆ: ಹನಿ ಸಿಡಿಯುವಲ್ಲಿ ಐಪಿ44, ನೇರ ಮಳೆಗೆ ಐಪಿ65 ಇರಲಿ.

ಟ್ಯೂಬ್‌ಲೈಟ್ ವಿಷಯದಲ್ಲಿ ಮಾತ್ರ ದಯವಿಟ್ಟು ಅವಸರ ಮಾಡಬೇಡಿ. ಕೆಲವು ಎಲ್‌ಇಡಿ ಟ್ಯೂಬುಗಳು ಹಳೇ ಚೋಕ್ ಇಟ್ಟುಕೊಂಡೇ ಉರಿಯುತ್ತವೆ, ಕೆಲವಕ್ಕೆ ಚೋಕ್ ತೆಗೆದು ನೇರ ವೈರಿಂಗ್ ಕೊಡಬೇಕು. ಪೆಟ್ಟಿಗೆಯೊಳಗಿನ ಚಿತ್ರ ನೋಡದೆ ಜೋಡಿಸುವಂತಿಲ್ಲ.

ಬಲ್ಬ್ ಬದಲಿಸುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಮೇನ್ ಬೋರ್ಡಿನಲ್ಲಿ ಆ ಲೈನಿನ ಎಂಸಿಬಿಯನ್ನೂ (ಟ್ರಿಪ್ ಆಗುವ ಸ್ವಿಚ್) ಇಳಿಸಿ. ಸ್ವಿಚ್ಚು ಕರೆಂಟ್ ತರುವ ಫೇಸ್ ತಂತಿಯ ಬದಲು, ಅದು ವಾಪಸ್ ಹೋಗುವ ನ್ಯೂಟ್ರಲ್ ತಂತಿಯಲ್ಲಿ ಕೂತಿರುವ ಮನೆಗಳಿವೆ. ಅಲ್ಲಿ ಸ್ವಿಚ್ ಆರಿಸಿದ್ದರೂ ಹೋಲ್ಡರಿನಲ್ಲಿ ಕರೆಂಟ್ ಇರುತ್ತದೆ. ಆರಿಸಿದ ಮೇಲೂ ಎಲ್‌ಇಡಿ ಮಂದವಾಗಿ ಹೊಳೆಯುತ್ತಿದ್ದರೆ ಕಾರಣ ಇದಿರಬಹುದು, ಇಲ್ಲವೇ ಸ್ವಿಚ್ಚಿನಲ್ಲಿರುವ ಇಂಡಿಕೇಟರ್ ದೀಪ. ಯಾವುದೆಂದು ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ, ಅಲ್ಲಿಯವರೆಗೆ ಆ ಹೋಲ್ಡರಿಗೆ ಕೈ ಹಾಕಬೇಡಿ.