ಬಾಗಿಲು ಮುಚ್ಚಿದ ದಿನಗಳಲ್ಲಿ ಚಿತ್ರ ಬರೆಯುವುದು: ಗಾಳಿ, ಬಣ್ಣ ಮತ್ತು ಇನ್ನೊಬ್ಬರ ಕಣ್ಣು

ಸಾಂಕ್ರಾಮಿಕ ಹರಡಿ ಎಲ್ಲರೂ ಮನೆಯೊಳಗೆ ಉಳಿದಾಗ ಚಿತ್ರಕಾರರಿಗೆ ಮೊದಲು ಹುಟ್ಟುವ ಚಿಂತೆ, ಬಣ್ಣ ಮುಗಿದರೆ ಏನು ಗತಿ ಎಂಬುದು. ಬಣ್ಣ ಅಷ್ಟು ಬೇಗ ಮುಗಿಯುವುದಿಲ್ಲ. ಅದಕ್ಕೂ ಮೊದಲು ಕೋಣೆಯ ಗಾಳಿ ಕೆಡುತ್ತದೆ. ಆಮೇಲೆ, ಸದ್ದಿಲ್ಲದೆ, ನೋಟ ಕೆಡುತ್ತದೆ. ಒಂದೇ ಚಿತ್ರವನ್ನು ವಾರಗಟ್ಟಲೆ ಒಬ್ಬರೇ ನೋಡುತ್ತಿದ್ದರೆ ಅದರ ತಪ್ಪು ಕಣ್ಣಿಗೆ ಒಗ್ಗಿಹೋಗುತ್ತದೆ. ಆದ್ದರಿಂದ ಇಲ್ಲಿ ಹೆಚ್ಚು ಮಾತು ಗಾಳಿಯ ಬಗ್ಗೆ, ಇನ್ನೊಬ್ಬರ ಕಣ್ಣಿನ ಬಗ್ಗೆ.

ಮಲಗುವ ಕೋಣೆಯೇ ಸ್ಟುಡಿಯೊ ಆದಾಗ

ತೈಲವರ್ಣದವರು ಟರ್ಪೆಂಟೈನ್ (ಬಣ್ಣ ತೆಳುಮಾಡುವ, ಕುಂಚ ತೊಳೆಯುವ ಥಿನ್ನರ್) ತುಂಬಿದ ಡಬ್ಬಿಯನ್ನು ಬಾಯಿ ತೆರೆದೇ ಇಟ್ಟುಕೊಂಡು ಕೆಲಸ ಮಾಡುವುದು ರೂಢಿ. ದೊಡ್ಡ ಸ್ಟುಡಿಯೊದಲ್ಲಿ ಅದು ಹೇಗೋ ನಡೆಯುತ್ತದೆ. ನಿದ್ದೆಯೂ ಕೆಲಸವೂ ಒಂದೇ ಕೋಣೆಯಲ್ಲಾದರೆ ಆ ಆವಿಯನ್ನು ರಾತ್ರಿಯಿಡೀ ಉಸಿರಾಡಬೇಕಾಗುತ್ತದೆ. ‘ವಾಸನೆಯಿಲ್ಲದ’ ಥಿನ್ನರ್ ಕೊಂಡರೆ ಸಮಸ್ಯೆ ತೀರಿತು ಎಂದುಕೊಳ್ಳಬೇಡಿ. ಅದರಲ್ಲಿ ವಾಸನೆ ಕಡಿಮೆಯಿದ್ದರೂ ಅದೂ ಆವಿಯಾಗುತ್ತಲೇ ಇರುತ್ತದೆ.

ಕೋವಿಡ್ ಇಲ್ಲಿ ಇನ್ನೊಂದು ತೊಡಕು ತಂದಿತು. ಸೋಂಕು ತಗುಲಿದ ಹಲವರಿಗೆ ಕೆಲಕಾಲ ವಾಸನೆಯೇ ತಿಳಿಯದಾಯಿತು. ಮೂಗನ್ನೇ ನಂಬಿ ‘ವಾಸನೆ ಜಾಸ್ತಿಯಾಯಿತು, ಕಿಟಕಿ ತೆರೆಯೋಣ’ ಎನ್ನುವವರಿಗೆ ಆ ಸೂಚನೆಯೇ ಸಿಗುವುದಿಲ್ಲ. ವಾಸನೆ ಮರಳುವವರೆಗೆ ಥಿನ್ನರ್, ಸ್ಪ್ರೇ ವಾರ್ನಿಷ್, ಫಿಕ್ಸೇಟಿವ್ (ಬರೆದದ್ದು ಅಳಿಸದಂತೆ ಸಿಂಪಡಿಸುವ ದ್ರವ) ಮೂರನ್ನೂ ಮುಟ್ಟದಿರುವುದೇ ಲೇಸು.

ಎನ್95 ಮಾಸ್ಕ್ ಕಣಗಳನ್ನು ತಡೆಯುತ್ತದೆ, ಆವಿಯನ್ನು ತಡೆಯುವುದಿಲ್ಲ. ಹಾಗಾಗಿ ಪ್ಯಾಸ್ಟೆಲ್ (ಪುಡಿಬಣ್ಣದ ಕಡ್ಡಿ) ಧೂಳಿಗೆ, ಒಣ ವರ್ಣದ್ರವ್ಯದ ಪುಡಿಗೆ ಅದು ಸರಿಯಾದ ರಕ್ಷಣೆ. ಟರ್ಪೆಂಟೈನ್ ಎದುರು ಅದು ಬರೀ ಬಟ್ಟೆ. ಪ್ಯಾಸ್ಟೆಲ್ ಧೂಳನ್ನು ಬಾಯಿಂದ ಊದಬೇಡಿ. ಹಲಗೆಯನ್ನು ತುಸು ಮುಂದಕ್ಕೆ ಬಾಗಿಸಿ ಇಟ್ಟರೆ ಧೂಳು ನೇರ ಕೆಳಗೆ ಬೀಳುತ್ತದೆ. ಅಲ್ಲಿ ಒದ್ದೆ ಬಟ್ಟೆ ಹಾಸಿರಿ.

ಗಾಳಿ ಓಡಬೇಕಾದರೆ ಎರಡು ತೆರಪು ಬೇಕು: ಒಳಬರಲು ಒಂದು, ಹೊರಹೋಗಲು ಒಂದು. ಒಂದೇ ಕಿಟಕಿ ತೆರೆದು ಕೋಣೆಯೊಳಗೆ ಫ್ಯಾನ್ ಹಾಕಿದರೆ ಆವಿ ಕೋಣೆಯಲ್ಲೇ ಸುತ್ತುತ್ತದೆ. ಫ್ಯಾನನ್ನು ಕಿಟಕಿಯಲ್ಲಿಟ್ಟು ಅದರ ಮುಖವನ್ನು ಹೊರಗೆ ತಿರುಗಿಸಿ. ನೀವು ಗಾಳಿ ಒಳಬರುವ ಕಡೆ ನಿಲ್ಲಿ. ಥಿನ್ನರ್ ಡಬ್ಬಿ ನಿಮಗೂ ಫ್ಯಾನಿಗೂ ನಡುವೆ ಇರಲಿ.

ಇದಕ್ಕಿಂತ ಒಳ್ಳೆಯ ದಾರಿ ಥಿನ್ನರನ್ನೇ ಬಿಡುವುದು. ಕುಂಚದ ಬಣ್ಣವನ್ನು ಮೊದಲು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಅಗಸೆ ಎಣ್ಣೆಯಲ್ಲಿ ಅದ್ದಿ ಮತ್ತೆ ಒರೆಸಿ. ಎರಡು ಮೂರು ಸಲ ಹೀಗೆ ಮಾಡಿದ ಮೇಲೆ ಸೋಪು ಹಾಕಿ, ನೊರೆ ಬಿಳಿಯಾಗುವವರೆಗೆ ಅಂಗೈಯಲ್ಲಿ ತಿಕ್ಕಿ ತೊಳೆಯಿರಿ. ಸೋಪಿನ ಹಂತ ತಪ್ಪಿಸಿದರೆ ಎಣ್ಣೆ ಕೂದಲಿನ ಬುಡದಲ್ಲೇ ಒಣಗಿ ಕುಂಚ ಕಡ್ಡಿಯಾಗುತ್ತದೆ. ಅಗಸೆ ಎಣ್ಣೆಯ ಬದಲು ಒಣಗದ ಎಣ್ಣೆ, ಉದಾಹರಣೆಗೆ ಆಲಿವ್ ಎಣ್ಣೆ ಬಳಸಿದರೆ ತೊಂದರೆ ಬೇರೆ: ಕುಂಚದಲ್ಲಿ ಉಳಿದದ್ದು ಮರುದಿನ ಬಣ್ಣಕ್ಕೆ ಬೆರೆತು ಆ ಜಾಗ ತಿಂಗಳಾದರೂ ಅಂಟಂಟಾಗಿಯೇ ಇರುತ್ತದೆ.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆಯಲೇಬೇಡಿ. ಅಗಸೆ ಎಣ್ಣೆ ಒಣಗುವುದೆಂದರೆ ಗಾಳಿಯ ಆಮ್ಲಜನಕದೊಡನೆ ಕೂಡಿ ಗಟ್ಟಿಯಾಗುವುದು. ಆಗ ಶಾಖ ಹುಟ್ಟುತ್ತದೆ. ಮುದ್ದೆಯೊಳಗೆ ಆ ಶಾಖಕ್ಕೆ ಹೊರದಾರಿ ಇಲ್ಲದೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಒಂದರ ಮೇಲೊಂದು ಬೀಳದಂತೆ ಹೊರಗೆ ಹರವಿ ಒಣಗಿಸಿ. ಇಲ್ಲವೇ ನೀರು ತುಂಬಿದ ಮುಚ್ಚಳದ ಲೋಹದ ಡಬ್ಬಿಯಲ್ಲಿ ಮುಳುಗಿಸಿಡಿ.

ಸ್ಯಾನಿಟೈಸರ್ ಬಗ್ಗೆಯೂ ಎಚ್ಚರ ಬೇಕು. ಅದರಲ್ಲಿರುವ ಆಲ್ಕೊಹಾಲ್ ಒಣಗಿದ ಅಕ್ರಿಲಿಕ್ (ನೀರಿನಲ್ಲಿ ಕಲಸುವ ಬಣ್ಣ) ಪದರವನ್ನೂ ಮೆತ್ತಗೆ ಮಾಡುತ್ತದೆ. ಕೈ ಪೂರ್ತಿ ಆರುವ ಮೊದಲು ಚಿತ್ರ ಮುಟ್ಟಿದರೆ ಬೆರಳಚ್ಚು ಅಲ್ಲೇ ಉಳಿಯುತ್ತದೆ. ಅಂಚೆಯಲ್ಲಿ ಬಂದ ಚಿತ್ರದ ಮೇಲೆ ಸೋಂಕುನಿವಾರಕ ಸಿಂಪಡಿಸುವುದಂತೂ ಚಿತ್ರ ಹಾಳುಮಾಡುವ ಖಚಿತ ದಾರಿ. ಭಯವಿದ್ದರೆ ಕಟ್ಟನ್ನು ಮೂರು ದಿನ ಒಂದು ಮೂಲೆಯಲ್ಲಿಟ್ಟುಬಿಡಿ.

ನಾಲ್ಕು ಟ್ಯೂಬಿನಲ್ಲಿ ನಡೆಸುವುದು

ಅಂಗಡಿ ಮುಚ್ಚಿದ್ದರೆ ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಜೋರ್ನ್ ಹೆಸರಿನಲ್ಲಿ ಪ್ರಸಿದ್ಧವಾದ ಪ್ಯಾಲೆಟ್, ಅಂದರೆ ಬಣ್ಣಗಳ ಆಯ್ಕೆ, ನೆನಪಿಸಿಕೊಳ್ಳಿ: ಹಳದಿ ಓಕರ್ (ಮಣ್ಣಿನ ಹಳದಿ), ವರ್ಮಿಲಿಯನ್ ಕೆಂಪು, ಐವರಿ ಬ್ಲ್ಯಾಕ್, ಬಿಳಿ. ಇಂದು ವರ್ಮಿಲಿಯನ್ ಬದಲು ಕ್ಯಾಡ್ಮಿಯಂ ಕೆಂಪು ಹಾಕುತ್ತಾರೆ. ಕಪ್ಪಿಗೆ ಬಿಳಿ ಬೆರೆಸಿ ಬೆಚ್ಚನೆಯ ಬಣ್ಣದ ಪಕ್ಕ ಹಚ್ಚಿದರೆ ಅದು ನೀಲಿಯಾಗಿ ಕಾಣುತ್ತದೆ. ಕಪ್ಪಿಗೆ ಓಕರ್ ಸೇರಿದರೆ ಮಂಕು ಹಸಿರು. ಮುಖದ ಬಣ್ಣಕ್ಕಂತೂ ಈ ನಾಲ್ಕರಾಚೆ ಹೋಗಬೇಕಾಗಿಯೇ ಇಲ್ಲ. ಚಿಗುರಿನ ಹಸಿರು, ನಡುಹಗಲಿನ ಆಕಾಶ ಮಾತ್ರ ಇದರಲ್ಲಿ ಸಿಗುವುದಿಲ್ಲ, ಎಷ್ಟು ಹೆಣಗಿದರೂ ಸಿಗುವುದಿಲ್ಲ. ಆ ವಿಷಯವನ್ನೇ ಬಿಟ್ಟುಬಿಡಿ. ತಿಳಿ ಮಾಡಲು ಪ್ರತಿಸಲ ಬಿಳಿ ಸುರಿದರೆ ಚಿತ್ರ ಸುಣ್ಣ ಬಳಿದಂತಾಗುತ್ತದೆ. ಮೊದಲು ಓಕರ್‌ನಿಂದ ಮೇಲೆತ್ತಿ ನೋಡಿ, ಬಿಳಿ ಕೊನೆಗಿರಲಿ.

ಕ್ಯಾನ್ವಾಸ್ ಇಲ್ಲದಿದ್ದರೆ ರಟ್ಟು ಸಾಕು. ಅದಕ್ಕೆ ಬಳಿಯುವ ತಳಪದರಕ್ಕೆ ಒಂದು ಪಾಲು ಬಿಳಿ ಪಿವಿಎ ಅಂಟಿಗೆ (ಮರಗೆಲಸದ ಅಂಟು) ಒಂದು ಪಾಲು ನೀರು ಕಲಸಿ, ಜರಡಿ ಹಿಡಿದ ಚಾಕ್ ಪುಡಿ ಎರಡು ಪಾಲನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ. ಗುಳ್ಳೆ ಇಳಿಯಲು ಅರ್ಧ ಗಂಟೆ ಬಿಡಿ. ತೆಳುವಾಗಿ ಮೂರು ಕೈ ಬಳಿಯಿರಿ: ಒಂದು ಅಡ್ಡಕ್ಕೆ, ಒಂದು ಉದ್ದಕ್ಕೆ, ಮತ್ತೊಂದು ಅಡ್ಡಕ್ಕೆ. ನಡುನಡುವೆ ಪೂರ್ತಿ ಒಣಗಲಿ, ಕೊನೆಗೆ ನಯವಾದ ಉಪ್ಪುಕಾಗದ. ಬಿರುಕು ಬಿಟ್ಟರೆ ಪುಡಿ ಹೆಚ್ಚಾಗಿದೆ, ಇಲ್ಲವೇ ದಪ್ಪ ಬಳಿದಿದ್ದೀರಿ. ಮೇಲ್ಮೈ ಹೊಳೆದು ಬಣ್ಣ ಜಾರಿದರೆ ಅಂಟು ಹೆಚ್ಚು. ರಟ್ಟಿನ ಹಿಂಬದಿಗೂ ಒಂದು ಕೈ ಬಳಿಯಲೇಬೇಕು. ಒಂದೇ ಬದಿ ಬಳಿದರೆ ಆ ಬದಿ ಒಣಗಿ ಕುಗ್ಗುವಾಗ ರಟ್ಟು ಬಾಗುತ್ತದೆ. ಇದು ಅಭ್ಯಾಸಕ್ಕೆ ಹಾಸು ಅಷ್ಟೆ, ಮಾರುವ ಚಿತ್ರಕ್ಕಲ್ಲ. ರಟ್ಟಿನ ಆಮ್ಲ ಕಾಲಕ್ರಮದಲ್ಲಿ ಹಳದಿಯಾಗಿ ಹೊರಬರುತ್ತದೆ.

ಹಳೆಯ ಕ್ಯಾನ್ವಾಸಿನ ಮೇಲೆ ಮತ್ತೆ ಬರೆಯುವುದಾದರೆ ಒಂದೇ ನಿಯಮ. ಅಕ್ರಿಲಿಕ್ ಮೇಲೆ ತೈಲವರ್ಣ ನಿಲ್ಲುತ್ತದೆ, ತೈಲವರ್ಣದ ಮೇಲೆ ಅಕ್ರಿಲಿಕ್ ನಿಲ್ಲದೆ ಸುಲಿದು ಬರುತ್ತದೆ.

ದಿನಚರಿ, ಮತ್ತು ಮೈ ಹುಷಾರಿಲ್ಲದಾಗ

ಮೊದಲ ವಾರದ ಹುಮ್ಮಸ್ಸನ್ನು ನಂಬಬೇಡಿ. ‘ಈಗಲಾದರೂ ಆ ದೊಡ್ಡ ಚಿತ್ರ ಶುರುಮಾಡೋಣ’ ಎಂದು ಆರಂಭಿಸಿದ್ದು ಮೂರನೇ ವಾರಕ್ಕೆ ಗೋಡೆಗೆ ಮುಖ ಮಾಡಿ ನಿಂತಿರುತ್ತದೆ. 20 ಸೆಂ.ಮೀ. ಚೌಕ, ಒಂದೇ ಕಿಟಕಿ, ದಿನವೂ ಒಂದೇ ಹೊತ್ತು, ಒಂದು ಗಂಟೆ: ಇಷ್ಟು ಸಾಕು. ಗಡಿಯಾರಕ್ಕಿಂತ ಬೆಳಕನ್ನು ಹಿಡಿದು ಹೊತ್ತು ಗೊತ್ತುಮಾಡಿ, ಬೆಳಕು ನಿಮಗಾಗಿ ಕಾಯುವುದಿಲ್ಲ. ಬ್ರಿಟಿಷ್ ಚಿತ್ರಕಾರ ಡೇವಿಡ್ ಹಾಕ್ನಿ 2020ರ ವಸಂತವನ್ನು ಫ್ರಾನ್ಸಿನ ನಾರ್ಮಂಡಿಯ ತಮ್ಮ ಮನೆಯ ಸುತ್ತಲೇ ನೋಡುತ್ತಾ ಐಪ್ಯಾಡಿನಲ್ಲಿ ಬರೆದರು, ಒಂದೇ ಜಾಗವನ್ನು ಮತ್ತೆ ಮತ್ತೆ. ಪರದೆಯ ಮೇಲಿನ ಚಿತ್ರಕ್ಕೆ ಆವಿಯೂ ಇಲ್ಲ, ಕುಂಚ ತೊಳೆಯುವ ಕೆಲಸವೂ ಇಲ್ಲ ಎಂಬುದು ಸಣ್ಣ ಲಾಭವೇನಲ್ಲ.

ಜ್ವರದಲ್ಲಿರುವಾಗ ಚಿತ್ರ ಬರೆಯಲೇಬೇಕೆಂಬ ಹಟ ಬೇಡ. ಚೇತರಿಕೆಯ ದಿನಗಳಲ್ಲಿ ಪೆನ್ಸಿಲ್, ಅಂಗೈಯಗಲದ ಪುಸ್ತಕ, 15 ನಿಮಿಷದ ಟೈಮರ್. ಆಯಾಸವಾದ ಮೇಲಲ್ಲ, ಆಗುವ ಮೊದಲೇ ನಿಲ್ಲಿಸಿ. ವಿಷಯ ಹುಡುಕಿಕೊಂಡು ಏಳಬೇಕಾಗಿಲ್ಲ. ನಾರ್ವೆಯ ಚಿತ್ರಕಾರ ಎಡ್ವರ್ಡ್ ಮುಂಕ್ 1919ರಲ್ಲಿ ಸ್ಪ್ಯಾನಿಷ್ ಫ್ಲೂ ಹೊತ್ತಿನ ತಮ್ಮನ್ನು ಬರೆದದ್ದು ಹಾಸಿಗೆ, ಬೆತ್ತದ ಕುರ್ಚಿ, ಕಾಲ ಮೇಲಿನ ಹೊದಿಕೆ ಇವುಗಳಿಂದಲೇ.

ಇನ್ನೊಬ್ಬರ ಕಣ್ಣು

ವಿಡಿಯೊ ಕರೆಯಲ್ಲಿ ಚಿತ್ರವನ್ನು ಕ್ಯಾಮೆರಾ ಎದುರು ಎತ್ತಿ ಹಿಡಿದು ‘ಹೇಗಿದೆ?’ ಎಂದು ಕೇಳಿದರೆ ಬರುವ ಉತ್ತರ ‘ಚೆನ್ನಾಗಿದೆ’. ಅದಕ್ಕಿಂತ ಹೆಚ್ಚು ಹೇಳಲು ಅವರಿಗೆ ಏನೂ ಕಾಣಿಸಿಯೇ ಇರುವುದಿಲ್ಲ. ವಿಡಿಯೊ ತನ್ನನ್ನು ತಾನು ಕುಗ್ಗಿಸಿಕೊಂಡು ಬರುವಾಗ ಸೂಕ್ಷ್ಮ ಛಾಯೆಗಳನ್ನು ಒರೆಸಿಹಾಕುತ್ತದೆ. ಕ್ಯಾಮೆರಾ ಬಣ್ಣವನ್ನು ಕ್ಷಣಕ್ಷಣಕ್ಕೂ ತಾನೇ ತಿದ್ದುತ್ತದೆ. ಆದ್ದರಿಂದ ಕರೆ ಮಾತಿಗೆ, ಫೋಟೊ ನೋಟಕ್ಕೆ.

ಫೋಟೊ ತೆಗೆಯುವಾಗ ಚಿತ್ರವನ್ನು ಕಿಟಕಿಯ ಬೆಳಕಿನಲ್ಲಿ, ನೇರ ಬಿಸಿಲು ತಾಗದ ಕಡೆ, ಗೋಡೆಗೆ ಸಮತಟ್ಟಾಗಿ ನಿಲ್ಲಿಸಿ. ಮೋಡ ಕವಿದ ಹಗಲು ಎಲ್ಲಕ್ಕಿಂತ ಒಳ್ಳೆಯದು. ಕೋಣೆಯ ದೀಪ ಆರಿಸಿ. ಎರಡು ಬಗೆಯ ಬೆಳಕು ಬೆರೆತರೆ ಒಂದು ಮೂಲೆ ಹಳದಿ, ಒಂದು ಮೂಲೆ ನೀಲಿ ಬರುತ್ತದೆ, ಅದನ್ನು ಆಮೇಲೆ ತಿದ್ದಲಾಗದು. ಲೆನ್ಸ್ ಚಿತ್ರದ ನಟ್ಟನಡುವಿನ ಎತ್ತರಕ್ಕಿರಲಿ. ಹತ್ತಿರ ಹೋಗದೆ ಹಿಂದೆ ಸರಿದು ಫೋನಿನ 2ಎಕ್ಸ್ ಲೆನ್ಸ್ ಬಳಸಿ. ಹತ್ತಿರದಿಂದ ತೆಗೆದರೆ ಅಂಚುಗಳು ಉಬ್ಬುತ್ತವೆ. ಚಿತ್ರದ ಪಕ್ಕ ಒಂದು ಬಿಳಿ ಹಾಳೆಯೂ ಬರಲಿ, ನೋಡುವವರಿಗೆ ಬಣ್ಣದ ಅಳತೆ ಸಿಗುತ್ತದೆ. ಗೆಳೆಯರಿಗೆ ಕಳಿಸಲು ಉದ್ದಬದಿ 2000 ಪಿಕ್ಸೆಲ್ ಸಾಕು. ಮುದ್ರಣಕ್ಕೆ ಮಾತ್ರ ಮೂಲ ಕಡತ ಉಳಿಸಿಕೊಳ್ಳಿ: 12 ಮೆಗಾಪಿಕ್ಸೆಲ್ ಫೋಟೊದ 4000 ಪಿಕ್ಸೆಲ್ ಬದಿ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಸುಮಾರು 34 ಸೆಂ.ಮೀ. ಆಗುತ್ತದೆ.

ಕರೆಯಲ್ಲಿ ಒಬ್ಬರ ಚಿತ್ರವನ್ನು ಇನ್ನೊಬ್ಬರು ನೋಡಿ ಹೇಳುವ ಕೂಟದಲ್ಲಿ ಆರು ಜನ, ಒಬ್ಬೊಬ್ಬರಿಗೆ 15 ನಿಮಿಷ, ಒಟ್ಟು ಒಂದೂವರೆ ಗಂಟೆ. ಫೋಟೊ ಹಿಂದಿನ ದಿನವೇ ಎಲ್ಲರಿಗೂ ತಲುಪಿರಬೇಕು. ಮೊದಲ ಎರಡು ನಿಮಿಷ ಯಾರೂ ಮಾತಾಡದೆ ನೋಡುವುದು. ಮುಂದಿನ ಎಂಟು ನಿಮಿಷ ಉಳಿದವರು ಮಾತಾಡುವುದು, ಬರೆದವರು ಬಾಯಿ ಬಿಡದೆ ಟಿಪ್ಪಣಿ ಮಾಡಿಕೊಳ್ಳುವುದು. ಕೊನೆಯ ಐದು ನಿಮಿಷ ಬರೆದವರದು. ಈ ಕ್ರಮ ತಲೆಕೆಳಗಾದರೆ, ಅಂದರೆ ಬರೆದವರೇ ಮೊದಲು ವಿವರಣೆ ಕೊಟ್ಟರೆ, ಎಲ್ಲರೂ ಚಿತ್ರವನ್ನು ಬಿಟ್ಟು ವಿವರಣೆಯನ್ನು ನೋಡತೊಡಗುತ್ತಾರೆ. ‘ಇಷ್ಟವಾಯಿತು’ ಎಂಬುದಕ್ಕೆ ಬದಲಾಗಿ ‘ಕಣ್ಣು ಮೊದಲು ಎಲ್ಲಿಗೆ ಹೋಯಿತು, ಎಲ್ಲಿ ಸಿಕ್ಕಿಕೊಂಡಿತು’ ಎಂದು ಹೇಳುವುದನ್ನು ರೂಢಿಮಾಡಿ. ನೆರಳು ಬೆಳಕಿನ ತಕರಾರು ಬಂದರೆ ಫೋಟೊವನ್ನು ಅಲ್ಲೇ ಕಪ್ಪುಬಿಳುಪಿಗೆ ತಿರುಗಿಸಿ ತೋರಿಸಿ. ಅರ್ಧ ವಾದ ಅಲ್ಲಿಗೇ ನಿಲ್ಲುತ್ತದೆ. ಆರಕ್ಕಿಂತ ಹೆಚ್ಚು ಜನ ಸೇರಿದರೆ ಕೊನೆಯವರ ಸರದಿಗೆ ಯಾರ ಕಣ್ಣಲ್ಲೂ ಚೈತನ್ಯ ಉಳಿದಿರುವುದಿಲ್ಲ.

ಮಾಡೆಲ್ ನೋಡಿ ಬರೆಯುವ ಅಭ್ಯಾಸವೂ ಕರೆಯಲ್ಲಿ ನಡೆಯುತ್ತದೆ. ಒಂದು ನಿಮಿಷದ ಭಂಗಿ ಹತ್ತು, ಐದು ನಿಮಿಷದ್ದು ನಾಲ್ಕು, ಹತ್ತು ನಿಮಿಷ ವಿರಾಮ, ಆಮೇಲೆ 20 ನಿಮಿಷದ್ದು ಎರಡು, ನಡುವೆ ಐದು ನಿಮಿಷ ಬಿಡುವು. ಮಾಡೆಲ್ ಕಡೆಯ ಕ್ಯಾಮೆರಾ ಮೂರು ಮೀಟರ್ ದೂರ, ಸೊಂಟದೆತ್ತರದಲ್ಲಿ ಇರಬೇಕು. ಹತ್ತಿರವಿಟ್ಟರೆ ಮುಂದೆ ಚಾಚಿದ ಕೈ ತಲೆಗಿಂತ ದೊಡ್ಡದಾಗುತ್ತದೆ. ದೀಪ ಒಂದೇ, ಪಕ್ಕದಿಂದ. ಸ್ಕ್ರೀನ್‌ಶಾಟ್ ಮತ್ತು ರೆಕಾರ್ಡಿಂಗ್ ಇಲ್ಲ ಎಂಬುದನ್ನು ಕೂಟ ಶುರುವಾಗುವ ಮೊದಲೇ ಎಲ್ಲರಿಂದ ಒಪ್ಪಿಸಿಕೊಳ್ಳಿ. ಸಂಭಾವನೆಯನ್ನೂ ಮೊದಲೇ ಕೊಟ್ಟುಬಿಡಿ.

ಪರದೆ ಸಾಕಾದವರಿಗೆ ಅಂಚೆಯ ಸ್ಕೆಚ್‌ಬುಕ್ ಇದೆ. ಐದು ಜನ, ಪ್ರತಿಯೊಬ್ಬರ ಬಳಿ ಏಳು ದಿನ, ಒಬ್ಬರು ಬರೆದ ಪುಟಕ್ಕೆ ಮುಂದಿನವರು ಎದುರು ಪುಟದಲ್ಲಿ ಉತ್ತರ. ಇದು ಕೆಡುವುದು ಯಾವಾಗಲೂ ಒಂದೇ ಕಾರಣಕ್ಕೆ: ಪುಸ್ತಕ ಒಬ್ಬರ ಮನೆಯಲ್ಲಿ ಕೂತುಬಿಡುತ್ತದೆ. ಎರಡು ಪುಸ್ತಕಗಳನ್ನು ಎದುರುಬದುರು ದಿಕ್ಕಿನಲ್ಲಿ ಹೊರಡಿಸಿ, ಒಂದು ಕೂತರೂ ಇನ್ನೊಂದು ಓಡುತ್ತಿರುತ್ತದೆ. ತೈಲವರ್ಣ, ಮೆತ್ತನೆಯ ಪ್ಯಾಸ್ಟೆಲ್ ಇದಕ್ಕೆ ಒಗ್ಗುವುದಿಲ್ಲ. ಅಕ್ರಿಲಿಕ್ ಪುಟಗಳು ಒಣಗಿದ ಮೇಲೂ ಒತ್ತಡಕ್ಕೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ನಡುವೆ ಸಿಲಿಕೋನ್ ಲೇಪದ ಬೇಕಿಂಗ್ ಕಾಗದ ಇಡಿ. ಕಳಿಸುವ ಮೊದಲು ಪ್ರತಿ ಪುಟದ ಫೋಟೊ ಕಡ್ಡಾಯ.

ಗ್ಯಾಲರಿ ಮುಚ್ಚಿದಾಗ ಹಣದ ಮಾತೂ ಬರುತ್ತದೆ. 2020ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಚಿತ್ರಕಾರ ಮ್ಯಾಥ್ಯೂ ಬರೋಸ್ ಶುರುಮಾಡಿದ ‘ಆರ್ಟಿಸ್ಟ್ ಸಪೋರ್ಟ್ ಪ್ಲೆಡ್ಜ್’ ಸೂತ್ರ ಸರಳ: ಕಡಿಮೆ ಬೆಲೆಯ ಚಿತ್ರಗಳನ್ನು ಮಾರಿ ಬಂದ ಹಣ ಒಂದು ಗೊತ್ತಾದ ಮೊತ್ತ ಮುಟ್ಟಿದಾಗ ಅದರ ಐದನೇ ಒಂದು ಪಾಲಿನಿಂದ ಇನ್ನೊಬ್ಬ ಕಲಾವಿದರ ಚಿತ್ರ ಕೊಳ್ಳುವುದು. ಹತ್ತು ಜನರ ಸಣ್ಣ ಗುಂಪಿನಲ್ಲೂ ಇದನ್ನು ನಡೆಸಬಹುದು. ಬೆಲೆಯ ಮಿತಿಯನ್ನು ಮಾತ್ರ ಬಿಗಿಯಾಗಿ ಕಾಯಿರಿ, ಒಬ್ಬರು ಮೀರಿದರೆ ಉಳಿದವರದು ಅಗ್ಗವೆನಿಸಿ ಚಕ್ರ ನಿಲ್ಲುತ್ತದೆ.

ಮತ್ತೆ ಒಂದೇ ಕೋಣೆಯಲ್ಲಿ ಸೇರುವಾಗ

ಮೊದಲು ಬಯಲಿನಲ್ಲಿ ಸೇರಿ, ಚಿತ್ರ ನಿಲ್ಲಿಸುವ ಈಸೆಲ್‌ಗಳ ನಡುವೆ ಎರಡು ಮೀಟರ್. ಒಳಗೆ ಬಂದಾಗ ಕಾರ್ಬನ್ ಡೈಆಕ್ಸೈಡ್ ಮಾಪಕವೊಂದನ್ನು ಉಸಿರು ನೇರ ತಾಗದ ಕಡೆ ಇಡಿ. ಹೊರಗಿನ ಗಾಳಿಯಲ್ಲಿ ಅದು 420 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಪಾಲು) ಆಸುಪಾಸು ತೋರುತ್ತದೆ. ಕೋಣೆಯಲ್ಲಿ 800 ದಾಟಿದರೆ ಕಿಟಕಿ ತೆರೆಯಿರಿ, 1000 ದಾಟಿದರೆ ಎಲ್ಲರೂ ಹೊರಗೆ ಹೋಗಿ ಬನ್ನಿ. ಆ ಅಂಕೆ ಹೇಳುವುದು ಒಬ್ಬರು ಬಿಟ್ಟ ಉಸಿರು ಎಷ್ಟು ಉಳಿದಿದೆ ಎಂಬುದನ್ನಷ್ಟೆ. ಟರ್ಪೆಂಟೈನ್ ಆವಿಯನ್ನು ಅದು ಅಳೆಯುವುದಿಲ್ಲ, ಆದ್ದರಿಂದ ಹಂಚಿಕೊಂಡ ಕೋಣೆಗೆ ಥಿನ್ನರ್ ತರಬೇಡಿ. ಮಾಸ್ಕಿನಿಂದ ಕನ್ನಡಕ ಮಂಜಾದರೆ ಮೂಗಿನ ತಂತಿಯನ್ನು ಎರಡೂ ಕೈಬೆರಳಿಂದ ಒತ್ತಿ ಕೂಡಿಸಿ, ಕನ್ನಡಕವನ್ನು ಅದರ ಮೇಲೆ ಕೂರಿಸಿ. ನೀರಿನ ಡಬ್ಬಿ, ಒರೆಸುವ ಬಟ್ಟೆ ಅವರವರದು.